ಚಟ ಇಲ್ರಿ, ಬರೇ ಬೀಡಿ

ನಾನು ದಸ್ತಾವೇಜು ಬರೆಯುವವನು. ಬಸವನ ಬಾಗೇವಾಡಿಯ ನೋಂದಣಿ ಕಚೇರಿಯ ಎದುರಿನ ತಗಡಿನ ಶೆಡ್ಡಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಖರೀದಿ ಪತ್ರ, ಆಸ್ತಿ ಪಾಲು ಮಾಡುವ ವಾಟ್ನಿ ಪತ್ರ ಬರೆದುಕೊಂಡು ಬಂದಿದ್ದೇನೆ. ಮೊದಲು ಕೈಯಿಂದ ಬರೆಯುತ್ತಿದ್ದೆ, ಈಗ ಕಂಪ್ಯೂಟರಿನಲ್ಲಿ. ಹೊಲದ ನಾಲ್ಕು ದಿಕ್ಕಿಗೆ ಯಾರ್ಯಾರ ಜಮೀನಿದೆ ಎಂದು ಹೇಳುವ ಚಕ್ಕುಬಂದಿಯಲ್ಲಿ ಒಂದು ಹೆಸರು ಹಿಂದುಮುಂದಾದರೂ ಅಣ್ಣತಮ್ಮಂದಿರು ವರ್ಷಗಟ್ಟಲೆ ಕೋರ್ಟಿಗೆ ಅಲೆಯುತ್ತಾರೆ. ಹಾಗಾಗಿ ಒಂದು ಶಬ್ದ ಬರೆಯುವ ಮೊದಲು ಎರಡು ಸಲ ಕೇಳುವುದು, ಬರೆದ ಮೇಲೆ ಎರಡು ಸಲ ಓದುವುದು ನನ್ನ ರೂಢಿ.

ಇಂಥ ನಾನು ನನ್ನ ಸ್ವಂತ ಕಾಗದದ ಮೇಲೆ ಒಂದು ಶಬ್ದ ತಪ್ಪಾಗಿ ಬರೆಸಿದೆ. ಎಡಗಾಲಿನ ಎರಡು ಬೆರಳು ಹೋದವು. ಮೊಣಕಾಲಿನ ಕೆಳಗಿನದೆಲ್ಲ ಹೋಗುವುದಿತ್ತು. ಆ ದಿನಗಳನ್ನು ನೆನೆದರೆ ಈಗಲೂ ನನ್ನ ಕೈ ತಾನಾಗಿ ಪಾದದ ಕಡೆಗೆ ಹೋಗುತ್ತದೆ, ಅಲ್ಲಿದೆಯೋ ಇಲ್ಲವೋ ಎಂದು ಮುಟ್ಟಿ ನೋಡಲು. ನನ್ನಂಥವರು ನಮ್ಮ ಕಡೆ ಬಹಳ ಜನ ಇದ್ದಾರೆಂದು ಆಸ್ಪತ್ರೆಯ ಬೆಂಚುಗಳ ಮೇಲೆ ಕೂತು ತಿಳಿದುಕೊಂಡೆ. ಅವರಲ್ಲಿ ಒಬ್ಬರಾದರೂ ಓದಲಿ ಎಂದು ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಶುರುವಾದದ್ದು ನಡಿಗೆಯಿಂದ. ನಮ್ಮ ಮನೆಯಿಂದ ಕಚೇರಿಗೆ ಹದಿನೈದು ನಿಮಿಷದ ದಾರಿ. ಎರಡು ವರ್ಷದ ಹಿಂದೆ, ಜೋಳದ ಕೊಯ್ಲು ನಡೆದಿದ್ದ ದಿನಗಳಲ್ಲಿ, ಅರ್ಧ ದಾರಿಗೆ ಬಂದಾಗ ಎಡಗಾಲಿನ ಮೀನಖಂಡವನ್ನು ಯಾರೋ ಒದ್ದೆ ಬಟ್ಟೆ ಹಿಂಡಿದಂತೆ ಹಿಂಡಿದರು. ನಿಂತೆ. ನಿಂತದ್ದಕ್ಕೆ ಒಂದು ಬೀಡಿ ಹೊತ್ತಿಸಿದೆ. ಬೀಡಿ ಮುಗಿಯುವಷ್ಟರಲ್ಲಿ ನೋವು ಮಾಯವಾಗಿತ್ತು. ಮರುದಿನವೂ ಹಾಗೇ ಆಯಿತು. ನಿಂತರೆ ಸಾಕು, ಆ ನೋವು ಬೀಡಿ ಇದ್ದರೂ ಇಲ್ಲದಿದ್ದರೂ ಇಳಿಯುತ್ತದೆಂದು ನನಗೆ ಗೊತ್ತಿರಲಿಲ್ಲ. ಬೀಡಿ ಸೇದಿದ್ದರಿಂದಲೇ ಇಳಿಯಿತೆಂದು ನಂಬಿದೆ. ಅದನ್ನೇ ಔಷಧವೆಂದು ಒಂದು ವರ್ಷ ಸೇದಿದೆ.

ಮೊದಲು ಒಂದೇ ಕಡೆ ನಿಲ್ಲುತ್ತಿದ್ದೆ. ಆಮೇಲೆ ಎರಡು, ನಾಲ್ಕು, ಏಳು ಕಡೆ. ನನ್ನ ಪಕ್ಕದ ಶೆಡ್ಡಿನಲ್ಲಿ ಅರ್ಜಿ ಬರೆಯುವ ಇಂಗಳೇಶ್ವರದ ಗುರಪ್ಪ ಒಂದು ದಿನ ಬೈಕ್ ನಿಲ್ಲಿಸಿ ಎಲ್ಲರೆದುರು ಕೂಗಿದ.

"ಏನ್ರಿ ಮಾಬುಸಾಬ್ರ, ಎಕ್ಸ್‌ಪ್ರೆಸ್ ಗಾಡಿ ಇದ್ರಿ, ಕಂಬಕ್ಕೊಂದು ಸ್ಟಾಪ್ ಮಾಡಾಕತ್ತೀರಿ! ಪ್ಯಾಸೆಂಜರ್ ಯಾವಾಗ ಆದ್ರಿ?"

"ನಿನ್ನಂಗ ಓಡಿ ಏನ್ ಗಳಸೋದೈತೋ," ಎಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಸೇದಲಿಕ್ಕೆ ನಿಲ್ಲುತ್ತೇನೆಂದು ಅವರು ತಿಳಿದರು. ನಿಲ್ಲಬೇಕಾಗಿ ಬಂದದ್ದಕ್ಕೆ ಸೇದುತ್ತಿದ್ದೇನೆಂದು ನಾನು ಯಾರಿಗೂ ಹೇಳಲಿಲ್ಲ. ಮನೆಯಲ್ಲಿ ಹೆಂಡತಿ ಶಮೀಮಳಿಗೆ "ವಾತ ಆಗೇತಿ" ಎಂದೆ. ಅವಳು ಪ್ರತಿ ಸಂಜೆ ಎಣ್ಣೆ ಬಿಸಿ ಮಾಡಿ ತಿಕ್ಕಿದಳು. ತಿಕ್ಕುವಾಗ ಒಮ್ಮೆ ಹೇಳಿದಳು: "ಈ ಕಾಲು ಯಾಕ್ರಿ ಇಷ್ಟು ತಣ್ಣಗ ಐತಿ?" ಅದಕ್ಕೂ ನಾನು ವಾತವೆಂದೇ ಹೇಳಿದೆ.

ಹೊಸ ಚಪ್ಪಲಿ ಕಡಿದು ಕಿರುಬೆರಳಿಗೆ ಗಾಯವಾಯಿತು. ಮಾಯಲಿಲ್ಲ. ಹದಿನೈದು ದಿನದಲ್ಲಿ ಅದರ ತುದಿ ಕಪ್ಪಾಯಿತು. ಊರಿನ ಡಾಕ್ಟರು ಪಾದದ ಮೇಲೆ ಎರಡು ಬೆರಳಿಟ್ಟು ಬಹಳ ಹೊತ್ತು ನಾಡಿ ಹುಡುಕಿದರು. ನಂತರ ಒಂದು ಚೀಟಿ ಬರೆದು, "ನಾಳೆ ಅನ್ನಬ್ಯಾಡ್ರಿ, ಇವತ್ತ ವಿಜಯಪುರಕ್ಕ ಹೋಗ್ರಿ" ಎಂದರು. ಮುದ್ದೇಬಿಹಾಳದಿಂದ ಬಂದ ಬಸ್ಸು ತುಂಬಿತ್ತು. ಶಮೀಮ ನನಗೊಂದು ಸೀಟು ಕೇಳಿದಾಗ, ನೋಡಲಿಕ್ಕೆ ಗಟ್ಟಿಮುಟ್ಟಾಗಿದ್ದ ನನ್ನನ್ನು ಕಂಡು ಒಬ್ಬ ಮುದುಕಿ, "ಇವಗೇನಾಗೇತಿ ಧಾಡಿ?" ಎಂದಳು. ನನಗೂ ಹಾಗೇ ಅನಿಸಿತ್ತು.

ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಸರ್ಜನರ ಹೆಸರನ್ನೂ ಬರೆಯುವುದಿಲ್ಲ, ಅವರೇ ಬೇಡವೆಂದಿದ್ದಾರೆ. ಹೊರರೋಗಿಗಳು ಕಾಯುವ ಹಾಲ್‌ನಲ್ಲಿ ಕಬ್ಬಿಣದ ಬೆಂಚುಗಳು ಸಾಲಾಗಿ ಇದ್ದವು. ಐವತ್ತು ಜನ ಕೂತಿದ್ದೆವು. ಒಬ್ಬ ಸಿಸ್ಟರ್ ಕಾಗದ ಹಿಡಿದು ಒಬ್ಬೊಬ್ಬರ ಹತ್ತಿರ ಬಂದು ಎಲ್ಲರಿಗೂ ಕೇಳುವಂತೆ ಪ್ರಶ್ನೆ ಕೇಳುತ್ತಿದ್ದರು. ಹೆಸರು, ಊರು, ವಯಸ್ಸು, ಸಕ್ಕರೆ ಕಾಯಿಲೆ, ಬಿಪಿ. ನಂತರ:

"ಚಟ ಏನರ ಅದಾವೇನ್ರಿ?"

ನನ್ನ ಎದುರಿಗೆ ನಮ್ಮೂರಿನ ಇಬ್ಬರು ಕೂತಿದ್ದರು. ಪಕ್ಕದಲ್ಲಿ ಹೆಂಡತಿ. ನಮ್ಮ ಮನೆಗಳಲ್ಲಿ ಚಟ ಎಂದರೆ ಸೆರೆ ಕುಡಿಯುವುದು, ಇಸ್ಪೀಟು, ಮಟಕಾ. ಚಟ ಎಂದರೆ ಹೆಣ್ಣು ಕೊಡುವ ಮೊದಲು ವಿಚಾರಿಸುವ ಮಾತು. ನನ್ನ ಮದುವೆಯ ಮಾತುಕತೆಯಲ್ಲಿ ಮಾವನವರು ಅದನ್ನೇ ವಿಚಾರಿಸಿದ್ದರು. ಹುಡುಗನಿಗೆ ಒಂದೂ ಚಟವಿಲ್ಲ ಎಂದು ತಿಳಿದು, ನಾನು ಕೊಟ್ಟ ಬೀಡಿಯನ್ನೇ ಸೇದುತ್ತಾ ಮಾತು ಮುಗಿಸಿದ್ದರು.

"ಇಲ್ರಿ," ಎಂದೆ. ಸ್ವಲ್ಪ ಸಿಟ್ಟಿನಿಂದಲೇ ಎಂದೆ. "ನಮ್ಮ ಮನಿತನದಾಗ ಅಂಥಾದ್ದಿಲ್ರಿ."

ಸಿಸ್ಟರ್ ಬರೆದುಕೊಂಡರು: ಇಲ್ಲ.

ದಿನಕ್ಕೆ ಒಂದು ಕಟ್ಟು ಬೀಡಿ ಸೇದುತ್ತಿದ್ದ ನಾನು ಸುಳ್ಳು ಹೇಳಿದೆನೆಂದು ನನಗೆ ಒಂದು ಕ್ಷಣವೂ ಅನಿಸಲಿಲ್ಲ. ಈ ಮಾತನ್ನು ಯಾರು ನಂಬುತ್ತಾರೋ ಗೊತ್ತಿಲ್ಲ. ನಾನೇ ಎಷ್ಟೋ ಸಲ ನಂಬದೆ, ಆ ಹಾಲ್‌ನಲ್ಲಿ ಮತ್ತೆ ಕೂತಂತೆ ಕಣ್ಣು ಮುಚ್ಚಿ ನೋಡಿಕೊಂಡಿದ್ದೇನೆ. ಪ್ರತಿ ಸಲವೂ ನಾನು ಅಷ್ಟೇ ನಿಶ್ಚಿಂತೆಯಿಂದ ಇಲ್ಲ ಎನ್ನುತ್ತೇನೆ.

ಸರ್ಜನರು ನನ್ನ ವಯಸ್ಸಿನವರು, ನಲವತ್ತಾರು ನಲವತ್ತೇಳು. ಅವರ ಹತ್ತಿರ ಒಂದು ಚಿಕ್ಕ ಯಂತ್ರವಿತ್ತು. ಪೆನ್ನಿನಂಥ ಅದರ ತುದಿಯನ್ನು ಚರ್ಮಕ್ಕಿಟ್ಟರೆ ರಕ್ತ ಹರಿಯುವ ಸಪ್ಪಳ ಕೇಳುತ್ತದೆ. ಬಲಗಾಲಿಗೆ ಇಟ್ಟರು. ದೂರದಲ್ಲಿ ಯಾರೋ ಬಟ್ಟೆ ಒಗೆಯುತ್ತಿರುವಂತೆ ಸಪ್ಪಳ ಬಂತು. ಎಡಗಾಲಿಗೆ ಇಟ್ಟರು. ಏನೂ ಇಲ್ಲ. ಸರಿಸಿ ಇಟ್ಟರು. ಏನೂ ಇಲ್ಲ. ಶಮೀಮ ನನ್ನ ಮುಖ ನೋಡಿದಳು. ನನ್ನದೇ ದೇಹದ ಒಂದು ಭಾಗ ಸುಮ್ಮನಿದೆ, ಅದು ಎಷ್ಟು ದಿನದಿಂದ ಸುಮ್ಮನಿತ್ತೋ ನನಗೆ ಗೊತ್ತೇ ಇಲ್ಲ ಎಂಬುದು ನನ್ನ ತಲೆಯೊಳಗೆ ಹೋಗಲಿಲ್ಲ.

ಅವರು ಕಾಗದ ನೋಡಿದರು. "ಸಕ್ಕರಿ ಇಲ್ಲ, ಚಟಾ ಇಲ್ಲ. ಹೌದಲ್ರಿ?"

"ಹೌದ್ರಿ."

ನನ್ನ ಕೈ ಹಿಡಿದು ನೋಡಿದರು. ದಿನವಿಡೀ ಜನರ ಹೆಬ್ಬೆಟ್ಟು ಒತ್ತಿಸುವ ಕೆಲಸದಿಂದ ನನ್ನ ಬೆರಳುಗಳಿಗೆ ಯಾವಾಗಲೂ ನೀಲಿ ಶಾಯಿ. ನಕ್ಕು, "ಭಾಳ ಮಂದಿ ಹೆಬ್ಬಟ್ಟು ಹಿಡದೀರಿ," ಎಂದು ಕೈ ಬಿಟ್ಟರು.

ಕಟ್ಟಿದ್ದ ರಕ್ತನಾಳವನ್ನು ತೊಡೆಯ ಕಡೆಯಿಂದ ತಂತಿ ಹಾಕಿ ತೆರೆದರು. ಕಿರುಬೆರಳನ್ನು ತೆಗೆದರು. ಐದನೆಯ ದಿನ ಮನೆಗೆ ಬಂದೆ. ಆಸ್ಪತ್ರೆಯಲ್ಲಿದ್ದಾಗಲೂ "ಗಾಳಿಗೆ ಹೋಗಿ ಬರ್ತೇನಿ" ಎಂದು ಗೋಡೆ ಹಿಡಿದುಕೊಂಡು ಹಿಂದಿನ ಸೈಕಲ್ ಸ್ಟ್ಯಾಂಡಿಗೆ ಹೋಗುತ್ತಿದ್ದೆ. ಮನೆಗೆ ಬಂದ ಮೇಲೆ ಬೇಸರ ಕಳೆಯಲು ದಿನಕ್ಕೆ ಇನ್ನೂ ಎರಡು ಬೀಡಿ ಹೆಚ್ಚಾದವು.

ಮೂರು ವಾರಕ್ಕೆ ಹೋದಾಗ ಗಾಯದ ಅಂಚು ಕಪ್ಪಾಗಿತ್ತು. ಪಕ್ಕದ ಬೆರಳು ನೀಲಿಗಟ್ಟಿತ್ತು. ಯಂತ್ರ ಮತ್ತೆ ಸುಮ್ಮನಾಗಿತ್ತು. ಸರ್ಜನರು ನನ್ನ ಕಾಗದಗಳನ್ನು ಮುಂದೆ ಹಿಂದೆ ತಿರುಗಿಸಿದರು. ಲೆಕ್ಕ ತಪ್ಪಿದ ಮನುಷ್ಯನಂತೆ ಕಂಡರು.

"ಹಿಂಗ್ಯಾಕ ಆಗ್ಲಿಕ್ಕತ್ತದ ತಿಳೀವಲ್ಲದು," ಎಂದರು, ನನಗಲ್ಲ, ಕಾಗದಕ್ಕೆ.

ಅಷ್ಟು ಹೊತ್ತು ಬಾಗಿಲಲ್ಲಿ ಸೆರಗು ಕಚ್ಚಿ ನಿಂತಿದ್ದ ಶಮೀಮ ಮುಂದೆ ಬಂದಳು. ನನ್ನ ಪರವಾಗಿ ಸಾಕ್ಷಿ ಹೇಳಲು ಬಂದಳು.

"ಡಾಕ್ಟರ್ ಸಾಹೇಬ್ರ, ಇವರು ಭಾಳ ಚಲೋ ಮನಷಾರ ಅದಾರ್ರಿ. ಅಲ್ಲಾನ ಆಣಿ, ಒಂದೂ ಚಟ ಇಲ್ರಿ. ಬರೇ ಬೀಡಿ."

ಸರ್ಜನರ ಕೈಯಲ್ಲಿದ್ದ ಪೆನ್ನು ಹಾಗೇ ನಿಂತಿತು.

"ಏನಂದ್ರಿ ಅಕ್ಕಾರ?"

"ಬರೇ ಬೀಡಿ ಸೇದ್ತಾರ್ರಿ. ದಿನಾ ಒಂದು ಕಟ್ಟು. ಚಟ ಅಂತ ಒಂದೂ ಇಲ್ರಿ."

ಮೊದಲ ದಿನ ಪ್ರಶ್ನೆ ಕೇಳಿದ್ದ ಸಿಸ್ಟರ್ ಅಲ್ಲೇ ಟ್ರೇ ಹಿಡಿದು ನಿಂತಿದ್ದರು. ಅವರ ಮುಖದ ಬಣ್ಣ ಇಳಿಯಿತು. ಸರ್ಜನರು ಬೈಯುತ್ತಾರೆಂದು ಕಾದೆ. ಅವರು ಎದ್ದು ಬಂದು ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತರು. ನನ್ನ ಕೈ ತೆಗೆದುಕೊಂಡು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಎರಡು ಬೆರಳ ನಡುವಿನ ಶಾಯಿ ಒರೆಸಿದರು. ನೀಲಿಯ ಕೆಳಗೆ ಬೀಡಿ ಹೊಗೆಯ ಹಳದಿ ಕಲೆ ಬಂತು.

"ಶಾಯಿ ನೋಡಿ ನಕ್ಕೆ," ಎಂದರು. "ಅದರ ಕೆಳಗ ನೋಡ್ಲಿಲ್ಲ. ತಪ್ಪು ನಂದೂ ಅದ, ಮಾಬುಸಾಬ್ರ. ನಾ ಬಾಯಿ ಬಿಟ್ಟು ಬೀಡಿ ಅಂತ ಕೇಳಬೇಕಿತ್ತು."

ಸರ್ಜನರೇ ನನ್ನ ಮುಂದೆ ತಪ್ಪು ಒಪ್ಪಿಕೊಳ್ಳುತ್ತಿದ್ದಾರೆ ಎಂಬುದು ಬೆರಳು ಹೋದದ್ದಕ್ಕಿಂತ ಹೆಚ್ಚು ನನ್ನನ್ನು ಹೆದರಿಸಿತು. ತೀರಾ ಕೆಟ್ಟದ್ದು ಏನೋ ಇರಬೇಕು, ಇಲ್ಲದಿದ್ದರೆ ಇಷ್ಟು ಮೆತ್ತಗೆ ಮಾತಾಡುವುದಿಲ್ಲ ಎನಿಸಿತು.

"ಆದರ ಹೊಗಿ ಮ್ಯಾಲ ಹೋಗೂದಲ್ರಿ ಸಾಹೇಬ್ರ," ಎಂದೆ. "ಕಾಲಿಗೆ ಹೆಂಗ ಇಳೀತೈತಿ?" ಬೀಡಿ ಕಟ್ಟಿನ ಮೇಲಿನ ಚಿತ್ರಗಳನ್ನು ನಾನು ನೋಡಿದ್ದೆ. ಬಾಯಿಯದಿತ್ತು, ಗಂಟಲಿನದಿತ್ತು. ಕಾಲಿನದನ್ನು ನಾನು ನೋಡಿರಲಿಲ್ಲ.

"ಹೊಗಿ ಮ್ಯಾಲ ಹೋಗ್ತದ. ಅದರಾಗಿನ ವಿಷ ರಕ್ತದ ಜೋಡಿ ಎಲ್ಲಾ ಕಡೆ ಹೋಗ್ತದ. ನಾ ಒಂದು ದಾರಿ ತೆರದೆ, ನೀವು ದಿನಾ ಅದನ್ನ ಮುಚ್ಚಿದ್ರಿ. ಇನ್ನೊಂದು ಆಪರೇಶನ್ ಮಾಡ್ತೀನಿ. ತೊಡಿಯಾಗಿನ ನರಾ ತಗದು ಹೊಸಾ ದಾರಿ ಹಾಕ್ತೀನಿ. ಬೀಡಿ ಇದ್ರ ಅದೂ ಮುಚ್ಚತದ. ಆಮ್ಯಾಲ ನನ್ನ ಕಡೆ ಮಾಡ್ಲಿಕ್ಕೆ ಒಂದೇ ಕೆಲಸ ಉಳೀತದ."

ಆ ಕೆಲಸ ಯಾವುದೆಂದು ತಿಳಿಯಿತು. ಆದರೂ ನನ್ನ ವೃತ್ತಿಯ ಬಾಯಿ ಸುಮ್ಮನಿರಲಿಲ್ಲ. "ಎಲ್ಲಿ ತನಕ ರೀ?" ಎಂದು ಕೇಳಿದೆ.

ಅವರು ಜೇಬಿನಿಂದ ಪೆನ್ನು ತೆಗೆದು, ಮೊಣಕಾಲಿನಿಂದ ಒಂದು ಗೇಣು ಕೆಳಗೆ, ನನ್ನ ಕಾಲಿನ ಸುತ್ತ ಒಂದು ಗೆರೆ ಎಳೆದರು.

ಸಾವಿರಾರು ಹೊಲಗಳ ಗಡಿ ಬರೆದಿದ್ದೇನೆ. ಇಷ್ಟು ಇವನದು, ಇಲ್ಲಿಂದ ಆಚೆ ಅವನದು. ಈಗ ಅಂಥ ಗೆರೆ ನನ್ನ ಮೈಮೇಲೆ ಬಿತ್ತು. ಗೆರೆಯ ಕೆಳಗಿನದು ನನ್ನದಲ್ಲ. ಶಮೀಮ ಗೋಡೆ ಹಿಡಿದು ಅಲ್ಲೇ ಕೂತಳು. ಅವಳು ಅತ್ತದ್ದು ಕಾಲಿಗಲ್ಲ. "ನಾ ಮದ್ಲ ದಿನಾನ ಹೇಳ್ಬೇಕಿತ್ರಿ, ನಾ ಪಕ್ಕದಾಗ ಕುಂತಿದ್ನಿ," ಎಂದು ಅದನ್ನೇ ಅನ್ನುತ್ತಿದ್ದಳು.

ಅಂದೇ ಸೇರಿಸಿಕೊಂಡರು. ಆಪರೇಶನ್ನಿಗೆ ಒಂಬತ್ತು ದಿನ ಗಡುವು. ಆ ಒಂಬತ್ತು ದಿನ ಬೀಡಿ ಇಲ್ಲದೆ ಇರಬೇಕು, ಆಮೇಲೆ ಸಾಯುವ ತನಕ ಇರಬೇಕು. ಅದನ್ನು ಹೇಳಲಿಕ್ಕೆ ಬೇರೆ ಯಾರನ್ನೋ ಕಳಿಸುತ್ತಾರೆಂದು ತಿಳಿದಿದ್ದೆ. ಸಂಜೆ ಸರ್ಜನರೇ ಬಂದು ಮಂಚದ ಮೇಲೆ ಕೂತರು.

"ರಮಜಾನ್‌ದಾಗ ರೋಜಾ ಹಿಡೀತೀರೇನು?"

"ಮೂವತ್ತೂ ದಿನ ಹಿಡೀತೇನ್ರಿ."

"ಆವಾಗ ಬೀಡಿ?"

"ಹಗಲೆಲ್ಲಾ ಮುಟ್ಟೂದಿಲ್ರಿ."

"ಹೆಂಗ ಇರ್ತೀರಿ?"

ಯೋಚಿಸಿದೆ. "ಅದು ನಿಯತ್ ಮಾಡಿರ್ತೇವಲ್ರಿ. ಮುಂಜಾನಿ ಮನಸ್ಸಿನಾಗ ಸಂಕಲ್ಪ ಮಾಡಿದ ಮ್ಯಾಲ ಬೇಕು ಅನಸೂದ ಇಲ್ರಿ."

"ನಮ್ಮವ್ವ ಏಕಾದಶಿ ದಿನ ಹನಿ ನೀರು ಮುಟ್ಟೂದಿಲ್ಲ. ಮರುದಿನ ಪಾರಣಿ ಅದ ಅಂತ ಗೊತ್ತಿರ್ತದ, ತಡೀತಾಳ." ನಂತರ ಹೇಳಿದರು: "ನಿಮಗ ಖರೇ ಹೇಳಿಬಿಡ್ತೀನಿ. ಈ ರೋಜಾಕ್ಕ ಇಫ್ತಾರ್ ಇಲ್ಲ."

ನಾನು ನಕ್ಕೆ. ನಗು ಅರ್ಧಕ್ಕೇ ನಿಂತಿತು. ಮರುದಿನ ನಸುಕಿನಲ್ಲಿ ನಿಯತ್ ಮಾಡಿದೆ. ಅವರು ಜಗಿಯಲು ನಿಕೋಟಿನ್ ಗಮ್ ಬರೆದುಕೊಟ್ಟರು. ದಿನಕ್ಕೆ ಎರಡು ಸಲ, ರೌಂಡಿಗೆ ಬಂದಾಗ, ಗಾಯ ನೋಡುವ ಮೊದಲು ಒಂದೇ ಪ್ರಶ್ನೆ ಕೇಳುತ್ತಿದ್ದರು: "ಎಷ್ಟು?" ಮೂರು ದಿನ ಖರೆಯಾಗಿಯೇ ಸೊನ್ನೆ ಎಂದೆ. ಶಮೀಮ ಚಹಾ ತಂದರೂ ಅವಳ ಮೇಲೆ ಹರಿಹಾಯುತ್ತಿದ್ದೆ. ಮೊದಲ ದಿನ 'ಇಲ್ಲ' ಎಂದು ಬರೆದಿದ್ದ ಸಿಸ್ಟರ್ ಇಂಡಿ ಊರಿನವರು. ಮನೆಯಿಂದ ಚೀಲದಲ್ಲಿ ಲಿಂಬೆಹಣ್ಣು ತಂದು ನನ್ನ ದಿಂಬಿನ ಪಕ್ಕ ಇಟ್ಟರು. "ಬೇಕು ಅನಸಿದಾಗ ಒಂದು ಹೋಳು ಬಾಯಾಗ ಇಟ್ಕೋರಿ ಅಣ್ಣಾರ. ನಮ್ಮ ಇಂಡಿ ಲಿಂಬಿ, ಹುಳಿಗೆ ಶೈತಾನ ಸೈತ ಓಡ್ತೈತಿ." ನನ್ನ ಮುಖ ನೋಡದೆ ಹೇಳಿದರು. ಅವರ ತಪ್ಪಿಲ್ಲ ಎಂದು ಹೇಳಬೇಕೆಂದುಕೊಂಡೆ. ಹುಳಿಗೆ ಬಾಯಿ ಬಿಡಲಾಗಲಿಲ್ಲ.

ಪಕ್ಕದ ಮಂಚದ ಮೇಲೆ ಸಿಂದಗಿ ತಾಲ್ಲೂಕಿನ ಕನ್ನೊಳ್ಳಿಯ ಒಬ್ಬ ಹಿರಿಯರಿದ್ದರು. ನಾನು ಕಾಕಾ ಎನ್ನುತ್ತಿದ್ದೆ. ಅವರ ಬಲಗಾಲು ಗೆರೆ ದಾಟಿಯಾಗಿತ್ತು. ಬೇರೆ ಊರಲ್ಲಿ ತೆಗೆದಿದ್ದರು, ಈಗ ಗಾಯಕ್ಕೆ ಬಂದಿದ್ದರು. ಒಂದು ಮಧ್ಯಾಹ್ನ ಕಾಲು ಇಲ್ಲದ ಜಾಗದಲ್ಲಿ ಹಾಸಿಗೆಯನ್ನು ಉಗುರಿನಿಂದ ಕೆರೆಯುತ್ತಿದ್ದರು.

"ಏನ್ ಕಾಕಾ?"

"ಕಾಲಿನ ಹೆಬ್ಬೆಟ್ಟು ತುರಸಾಕತ್ತೈತಪಾ. ಇಲ್ಲದ ಹೆಬ್ಬೆಟ್ಟು. ಎಲ್ಲಿ ಕೆರಕೊಳ್ಳಲಿ ಹೇಳು." ನಂತರ ಬನಿಯನ್ನಿನೊಳಗಿಂದ ಒಂದು ಬೀಡಿ ತೆಗೆದರು. "ಕಾಲಂತೂ ಹ್ವಾತು, ಇನ್ನ ಬಿಟ್ಟು ಏನ್ ಮಾಡ್ಲಿ? ತಗೋ. ಒಂದ್ರಾಗ ಏನಾಗೂದೈತಿ."

ತೆಗೆದುಕೊಂಡೆ. ಹೆದರಿ ಓಡಬೇಕಾದ ಜಾಗದಲ್ಲಿ ನಾನು ಕೈ ಚಾಚಿದೆ. ಸೈಕಲ್ ಸ್ಟ್ಯಾಂಡಿನ ಹಿಂದೆ ಕೂತು ಸೇದುವಾಗ ಒಂದು ಕೈಯಿಂದ ಎಡಪಾದ ಹಿಡಿದುಕೊಂಡಿದ್ದೆ. ಪಾದ ಇನ್ನಷ್ಟು ತಣ್ಣಗಾಯಿತೋ, ನನಗೆ ಹಾಗೆ ಅನಿಸಿತೋ ಹೇಳಲಾರೆ. ಗೆರೆ ಇನ್ನೂ ಕಾಣುತ್ತಿತ್ತು.

ಸಂಜೆ ಸರ್ಜನರು ಬಂದು, "ಎಷ್ಟು?" ಎಂದರು.

ಶಮೀಮ ಅಲ್ಲೇ ಇದ್ದಳು. ಸೊನ್ನೆ ಎನ್ನುವುದು ಸುಲಭವಿತ್ತು.

"ಒಂದ್ರಿ. ಮಧ್ಯಾಹ್ನ."

ಶಮೀಮಳ ಕೈಯಿಂದ ನೀರಿನ ಲೋಟ ಬಿತ್ತು. ಸರ್ಜನರು ಸಿಸ್ಟರ್ ಕಡೆ ತಿರುಗಿ, "ಬರಕೋರಿ. ಒಂದು, ಮಧ್ಯಾಹ್ನ," ಎಂದರು. ನಂತರ ನನಗೆ: "ಈ ಕಾಗದದ ಮ್ಯಾಲ ಬೀಡಿ ಬಗ್ಗೆ ನೀವು ಬಾಯಿ ಬಿಟ್ಟು ಬರೆಸಿದ ಮೊದಲ್ನೇ ಲೆಕ್ಕ ಇದು. ಇದರ ಮ್ಯಾಲ ನಾ ಆಪರೇಶನ್ ಮಾಡಬಲ್ಲೆ. ನಾಳೆ ಮುಂಜಾನೆ ಮತ್ತ ನಿಯತ್ ಮಾಡ್ರಿ."

ಕಾಕಾ ಅದನ್ನೆಲ್ಲ ಕೇಳಿಸಿಕೊಳ್ಳುತ್ತಾ ಗೋಡೆಗೆ ಮುಖ ಮಾಡಿ ಮಲಗಿದ್ದರು. ಎರಡು ದಿನದ ಮೇಲೆ ಅವರ ಮಗ ಕರೆದೊಯ್ಯಲು ಬಂದಾಗ, ಊರುಗೋಲು ಊರಿ ನನ್ನ ಮಂಚದ ಹತ್ತಿರ ನಿಂತರು.

"ನೀ ಬಿಡಪಾ ಸಾಹೇಬ," ಎಂದರು. "ನನಗ ಹಿಂಗ ದಿನಾ ಕೇಳಾವ್ರು ಯಾರೂ ಇರಲಿಲ್ಲ."

ಆಪರೇಶನ್ ಆಯಿತು. ಎರಡನೆಯ ಬೆರಳು ಉಳಿಯಲಿಲ್ಲ. ಮಬ್ಬು ಇಳಿದು ಕಣ್ಣು ಬಿಟ್ಟಾಗ ಸರ್ಜನರು ನನ್ನ ಪಾದದ ಹತ್ತಿರ ಬಗ್ಗಿದ್ದರು. ಆ ಪೆನ್ನಿನಂಥ ಯಂತ್ರ ಅವರ ಕೈಯಲ್ಲಿತ್ತು. ಮೊದಲು ಬರೇ ಗರಗರ. ನಂತರ ಬಂತು: ದೂರದಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದಾರೆ. ನಾನು ಅತ್ತೆ. ಶಮೀಮಳನ್ನು ಒಳಗೆ ಕರೆಸಿ ಅವಳಿಗೂ ಕೇಳಿಸಿದರು. ಅವಳು ಯಂತ್ರವನ್ನು ಬಿಟ್ಟು ನನ್ನ ಪಾದವನ್ನು ಎರಡೂ ಕೈಯಿಂದ ಹಿಡಿದುಕೊಂಡಳು. "ಬೆಚ್ಚಗ ಐತ್ರಿ," ಎಂದಳು. ಒಂದು ವರ್ಷ ಎಣ್ಣೆ ತಿಕ್ಕಿದ ಕೈಗಳಿಗೆ ಯಂತ್ರ ಬೇಕಿರಲಿಲ್ಲ.

ಮೂರು ತಿಂಗಳಿಗೆ ತೋರಿಸಲು ಹೋದಾಗ ಸರ್ಜನರು ಆಸ್ಪತ್ರೆಯ ಖಾಲಿ ಫಾರ್ಮೊಂದನ್ನು ನನ್ನ ಮುಂದೆ ಇಟ್ಟರು. 'ಚಟ' ಎಂಬ ಶಬ್ದದ ಮೇಲೆ ಗೆರೆ ಹೊಡೆದಿದ್ದರು.

"ನೀವು ಬರಿಯೋರು. ಹೆಂಗ ಕೇಳಿದ್ರ ನಿಮ್ಮ ಕಡೆ ಮಂದಿ ಖರೇ ಹೇಳ್ತಾರ, ಬರದು ಕೊಡ್ರಿ."

ಖರೀದಿ ಪತ್ರಕ್ಕೂ ಅಷ್ಟು ಹೊತ್ತು ತೆಗೆದುಕೊಂಡವನಲ್ಲ. ಸೇದತೀರೇನು ಎಂದು ಕೇಳಿದರೆ ಇಲ್ಲ ಎಂದು ತಪ್ಪಿಸಿಕೊಳ್ಳಲು ದಾರಿ ಇರುತ್ತದೆ. ಹಾಗಾಗಿ ಮೊದಲ ಸಾಲು ಹೀಗೆ ಬರೆದೆ: 'ಇವತ್ತು ಮುಂಜಾನೆಯಿಂದ ಎಷ್ಟು ಬೀಡಿ, ಸಿಗರೇಟು ಸೇದಿದ್ದೀರಿ?' ಬರೆದ ಮೇಲೆ ರೂಢಿಯಂತೆ ಎರಡನೆಯ ಸಲ ಓದಿದೆ. ನಾನು ಆಸ್ಪತ್ರೆಗೆ ಬಂದ ಮೊದಲ ದಿನ ಅತ್ತರು ಹಚ್ಚಿಕೊಂಡು, ಮುಂಜಾನೆಯಿಂದ ಬೀಡಿ ಮುಟ್ಟದೆ ಬಂದಿದ್ದೆ. ಹಾಗಾಗಿ ಎರಡನೆಯ ಸಾಲು: 'ನಿನ್ನೆ ಎಷ್ಟು?' ಅದನ್ನೂ ಓದಿದೆ. ನನ್ನಂಥವನಿಗೆ ಅದೂ ಸಾಲದು. ಮೂರನೆಯ ಸಾಲು: 'ಜೊತೆಗೆ ಬಂದ ಮನೆಯವರನ್ನು ಕೇಳುವುದು.'

ಬಿಟ್ಟಿದ್ದೇನೆ ಎಂದು ದೊಡ್ಡದಾಗಿ ಬರೆಯುವ ಧೈರ್ಯ ಈಗಲೂ ಇಲ್ಲ. ಪ್ರತಿ ಮುಂಜಾನೆ ನಿಯತ್ ಮಾಡುತ್ತೇನೆ. ಕುಂಟುತ್ತಲೇ ಆದರೂ ಕಚೇರಿಗೆ ಎಲ್ಲೂ ನಿಲ್ಲದೆ ಹೋಗುತ್ತೇನೆ. ಮೊದಲ ಕಂಬ ಬಂದಾಗ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಜೇಬಿನಲ್ಲಿ ಲಿಂಬೆಹಣ್ಣು ಇರುತ್ತದೆ. ಗುರಪ್ಪ ನನ್ನ ಶೆಡ್ಡಿನ ಮುಂದೆ ಸೇದುವುದನ್ನು ಬಿಟ್ಟು ರಸ್ತೆಯ ಆಚೆ ಹೋಗಿ ಸೇದುತ್ತಾನೆ. ಅವನ ಕಾಲು ಹೇಗಿದೆ ಎಂದು ದಿನಾ ಕೇಳುತ್ತೇನೆ. "ನಿಮ್ಮ ಕಾಟಕ್ಕ ಬೀಡಿ ರುಚೀನ ಹೋಗೇತಿ ನೋಡ್ರಿ," ಎಂದು ಬೈಯುತ್ತಾನೆ.

ಹೋದ ತಿಂಗಳು ಮತ್ತೆ ಆ ಹಾಲ್‌ನಲ್ಲಿ, ಆ ಬೆಂಚಿನ ಮೇಲೆ ಕೂತಿದ್ದೆವು. ಹೊಸ ಸಿಸ್ಟರ್ ಒಬ್ಬರು ಫಾರ್ಮ್ ಹಿಡಿದು ಬಂದರು. ಅದನ್ನು ಬರೆದವನು ನಾನೆಂದು ಅವರಿಗೆ ಗೊತ್ತಿರಲಿಲ್ಲ.

"ಇವತ್ತು ಮುಂಜಾನಿಂದ ಎಷ್ಟು ಸೇದೀರಿ?"

"ಇಲ್ರಿ."

"ನಿನ್ನಿ?"

"ನಿನ್ನೀನೂ ಇಲ್ರಿ."

ಅವರು ನನ್ನನ್ನು ನಂಬದೆ, ಬರೆದಿದ್ದ ಹಾಗೆಯೇ, ಶಮೀಮಳ ಕಡೆ ತಿರುಗಿದರು. "ನೀವು ಹೇಳ್ರಿ ಅಕ್ಕಾರ."

ಶಮೀಮ ಸೆರಗು ಸರಿಮಾಡಿಕೊಂಡಳು. "ಚಟ ಇಲ್ರಿ," ಎಂದು ಶುರು ಮಾಡಿ ತಟ್ಟನೆ ನಿಂತಳು. ನನ್ನ ಬೆರಳುಗಳ ಕಡೆ ನೋಡಿದಳು, ಪಾದದ ಕಡೆ ನೋಡಿದಳು. ನಂತರ ಸಾಕ್ಷಿ ಹೇಳುವವಳಂತೆ ಬಿಡಿಬಿಡಿಯಾಗಿ ಹೇಳಿದಳು: "ಬೀಡಿ ಇಲ್ರಿ. ಒಂದೂ ಇಲ್ಲ."

ಸಿಸ್ಟರ್ ಬರೆದುಕೊಂಡರು: ಇಲ್ಲ.

ಕಾಗದ ತಿರುಗಿಸುವ ಮೊದಲು, ಸ್ವಲ್ಪ ತಡೀರಿ ಎಂದು ಕೇಳಿ, ಆ ಶಬ್ದವನ್ನು ಎರಡು ಸಲ ಓದಿದೆ.